ಒಳಗೆ ಬಿಡದ ಬಟ್ಟೆ

ಅಕ್ಕನ ಹೊಲಿಗೆ ಅಂಗಡಿಗೆ ಹೊಸ ವೈರಿಂಗ್ ಮಾಡಿದವನು ತಮ್ಮನೇ. ಹೊಲಿಗೆ ಯಂತ್ರಗಳಿಗೆ ಮೋಟಾರು ಕೂರಿಸುವುದಿತ್ತು, ಹಳೆಯ ವೈರು ಅಷ್ಟು ಭಾರ ತಾಳುವಂತಿರಲಿಲ್ಲ. ಅವನು ಗೋಡೆ ಕೊರೆದು, ಪೈಪು ಹೂತು, ಸ್ವಿಚ್ಚುಗಳನ್ನು ಗೆರೆ ಎಳೆದಂತೆ ನಿಲ್ಲಿಸಿ, ಕೊನೆಗೆ ಬಿದ್ದ ಧೂಳನ್ನೂ ತಾನೇ ಗುಡಿಸಿದ. ಅಂಥ ಕೆಲಸಗಾರ. ಆದರೆ ಕೆಲಸ ಸರಿಯಾಗಿದೆ ಎಂದು ಸಹಿ ಹಾಕುವ ಹಕ್ಕು ಮಾತ್ರ ಅವನಿಗಿರಲಿಲ್ಲ. ಅದಕ್ಕೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ತರಬೇತಿ ಬೇಕು.

ಸಹಿ ಹಾಕಲು ಕಡ್ಡಿ ಬಂದ. ಕಡ್ಡಿ ಎಂದರೆ ತಮ್ಮನ ಶಾಲೆಯ ಗೆಳೆಯ, ಈಗ ಅವನ ಯಜಮಾನ. ಹೆಸರಿಗಷ್ಟೇ ಕಡ್ಡಿ, ಅಂಗಡಿಯ ಬಾಗಿಲಲ್ಲಿ ಈಗ ಸ್ವಲ್ಪ ಓರೆಯಾಗಿಯೇ ಒಳಗೆ ಬರಬೇಕು.

“ಇವ್ನು ಮಾಡಿದ್ಮೇಲೆ ನೋಡೋದೇನಿದೆ ಅಕ್ಕಾ?” ಎಂದು ನಕ್ಕ. ಆದರೂ ಮೀಟರ್ ಹಿಡಿದು ಒಂದೊಂದನ್ನೂ ನೋಡಿಯೇ ಸಹಿ ಹಾಕಿದ. ಒಳ್ಳೆಯವನು. ಅಕ್ಕನಿಗೆ ಕಷ್ಟವಾದದ್ದೇ ಅದು. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಹೊರಡುವಾಗ ಅವನು ತಮ್ಮನ ಬೆನ್ನು ತಟ್ಟಿದ. “ಈಗ ವಯಸ್ಸಿನ ಅಡ್ಡಿ ತೆಗೆದಿದಾರಂತೆ. ಯಾರು ಬೇಕಾದ್ರೂ ತರಬೇತಿಗೆ ಸೇರಬಹುದು. ಯೋಚ್ನೆ ಮಾಡೋ.”

ಹಿಂದೊಮ್ಮೆ ತಮ್ಮನಿಗೂ ಕಡ್ಡಿಗೂ ಆ ತರಬೇತಿಗೆ ಒಟ್ಟಿಗೇ ಸೀಟು ಸಿಕ್ಕಿತ್ತು. ಅಪ್ಪ ತೀರಿಕೊಂಡು, ಮನೆಯೆಲ್ಲ ಅಕ್ಕನ ಒಂದೇ ಯಂತ್ರದ ಮೇಲೆ ನಿಂತಿದ್ದ ಕಾಲ. ಆಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕತ್ತರಿಸುವ ಮೇಜಿನ ಮೇಲೆಯೇ ಲೆಕ್ಕ ಬರೆದಳು. ಒಂದು ಕಡೆ ಎರಡು ವರ್ಷದ ಫೀಸು, ಬಸ್ಸು, ಸಾಮಾನು, ಜೊತೆಗೆ ಆ ಎರಡು ವರ್ಷದಲ್ಲಿ ಹೆಲ್ಪರಾಗಿ ತರಬಹುದಾಗಿದ್ದ ಕೂಲಿ. ಇನ್ನೊಂದು ಕಡೆ ತರಬೇತಿ ಮುಗಿಸಿದವನ ಮೊದಲ ಸಂಬಳ. ಹೆಲ್ಪರಿನ ಕೂಲಿಗಿಂತ ಅದು ಚೂರೇ ಚೂರು ಹೆಚ್ಚು.

“ಇಷ್ಟರಲ್ಲಿ ಹಾಕಿದ ದುಡ್ಡು ಹುಟ್ಟೋಕೆ ನಿನ್ನ ಕೂದ್ಲು ಹಣ್ಣಾಗ್ಬೇಕು. ಮುಂದೆ ಸಿಗುತ್ತೆ ಮುಂದೆ ಸಿಗುತ್ತೆ ಅಂತ ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಯೋದು ಬೇಡ ಕಣೋ,” ಎಂದಳು.

ತಮ್ಮ ಆ ಲೆಕ್ಕವನ್ನು ಮೇಲಿಂದ ಕೆಳಗೆ ಓದಿಕೊಂಡ. ಮರುದಿನ ಹೆಲ್ಪರ್ ಕೆಲಸಕ್ಕೆ ಹೋದ. ಜಗಳವಾಡಲಿಲ್ಲ. ಆಡಬೇಕಿತ್ತು ಎಂದು ಅಕ್ಕನಿಗೆ ಈಗ ಅನ್ನಿಸುತ್ತದೆ.

ಕೂಡಿದ್ದರಲ್ಲಾಗಲಿ ಕಳೆದದ್ದರಲ್ಲಾಗಲಿ ತಪ್ಪಿರಲಿಲ್ಲ. ತಪ್ಪಿದ್ದು ಅಳತೆಯಲ್ಲಿ, ಅದೂ ಹೊಲಿಯುವವಳು ಮಾಡಬಾರದ ತಪ್ಪು. ಬೆಳೆಯುವ ಮಕ್ಕಳ ಬಟ್ಟೆಯನ್ನು ಆಕೆ ಎಂದೂ ಅಂದಿನ ಅಳತೆಗೆ ಕತ್ತರಿಸಿದವಳಲ್ಲ. ಎರಡು ಬೆರಳು ಹೆಚ್ಚು ಬಿಟ್ಟು ಅಂಚಿನಲ್ಲಿ ಒಳಗೆ ಮಡಿಸಿಡುತ್ತಾಳೆ, ಬರುವ ವರ್ಷ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಅಂತ. ಕಂಡವರ ಮಕ್ಕಳಿಗೆಲ್ಲ ಬಿಟ್ಟವಳು ಸ್ವಂತ ತಮ್ಮನಿಗೆ ಬಿಡಲಿಲ್ಲ. ಕಲಿತವನ ಸಂಬಳ ವರ್ಷವರ್ಷ ಬೆಳೆಯುತ್ತದೆ, ಹೆಲ್ಪರಿನ ಕೂಲಿ ಕೂತಲ್ಲೇ ಕೂತಿರುತ್ತದೆ ಎಂಬುದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಒಬ್ಬಳೇ ಯಂತ್ರ ತುಳಿದು ತುಳಿದು ಸೋತಿದ್ದಳು, ಮನೆಗೆ ಇನ್ನೊಂದು ಜೊತೆ ಕೈ ಬೇಕಿತ್ತು.

ಕಡ್ಡಿ ಹೋದ ಮೇಲೆ ಅಕ್ಕ ತಡೆಯಲಾರದೆ ಹೇಳಿಬಿಟ್ಟಳು. “ಲೋ, ಈಗ್ಲಾದ್ರೂ ಸೇರ್ಕೊಳೋ. ಫೀಸು ನಾನು ಕಟ್ತೀನಿ. ಎರಡು ವರ್ಷ ನಿನ್ನ ಹೆಂಡ್ತಿ ಮಗಳನ್ನ ನಾನೇ ನೋಡ್ಕೋತೀನಿ.”

ತಮ್ಮನು ಮೇಜಿನ ಮೇಲಿದ್ದ ಟೇಪು, ಕತ್ತರಿ, ಚಿಂದಿಗಳನ್ನು ಪಕ್ಕಕ್ಕೆ ಸರಿಸಿ, ಗುರುತು ಹಾಕುವ ಸೀಮೆಸುಣ್ಣದ ತುಂಡನ್ನು ಎತ್ತಿಕೊಂಡು ಬರೆಯತೊಡಗಿದ. ಒಂದು ಕಡೆ ಫೀಸು, ಬಸ್ಸು, ಎರಡು ವರ್ಷದ ಕೂಲಿ. ಇನ್ನೊಂದು ಕಡೆ ಮೊದಲ ಸಂಬಳ. ಅಂಕಿಗಳನ್ನು ಅಕ್ಕನ ಹಾಗೆಯೇ ಸ್ವಲ್ಪ ವಾಲಿಸಿ ಬರೆಯುತ್ತಿದ್ದ.

“ನೋಡು, ಹುಟ್ಟಲ್ಲ,” ಎಂದ.

“ಮೊದಲನೇ ಸಂಬಳ ಯಾಕೋ ಹಾಕ್ತೀಯ? ಅದು ಅಷ್ಟೇ ಇರುತ್ತಾ? ಬೆಳೆಯುತ್ತಲ್ಲೋ!” ಅಕ್ಕನ ದನಿ ತಾನಾಗಿ ಏರಿತು.

“ಕೂಸು ಹುಟ್ಟೋಕ್ಮುಂಚೆ ಕುಲಾವಿ ಬೇಡ ಅಂತ ಹೇಳ್ಕೊಟ್ಟಿದ್ದು ನೀನೇ ಅಲ್ವಾ ಅಕ್ಕಾ?”

ಮಾತಿನಲ್ಲಿ ಚುಚ್ಚುವಿಕೆ ಇರಲಿಲ್ಲ. ಚುಚ್ಚಿದ್ದರೆ ಆಕೆ ಸಹಿಸುತ್ತಿದ್ದಳು. ಅವನು ಅದನ್ನು ದೊಡ್ಡವರು ಕಲಿಸಿದ ಒಳ್ಳೆಯ ಪಾಠವೆಂದು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ. ಅದು ಪಾಠವಲ್ಲ, ನನ್ನ ಕಷ್ಟ ಕಣೋ ಎನ್ನಹೊರಟವಳು ಮೇಜಿನ ಚಿಂದಿಗಳನ್ನು ಬಾಚತೊಡಗಿದಳು.

ಅಕ್ಕನ ಮುಖ ಬಾಡಿದ್ದು ಕಂಡು ತಮ್ಮನೇ ಮಾತು ತಿರುಗಿಸಿದ. “ಅದಿರ್ಲಿ. ನಂಗೊಂದು ಅಂಗಿ ಹೊಲ್ಕೊಡು, ಇದರ ತೋಳು ಹರಿದುಹೋಗಿದೆ.”

ಆಕೆ ಟೇಪು ತೆಗೆದು ಅವನ ಭುಜ, ಎದೆ, ತೋಳು ಅಳೆದಳು. ನೀಲಿ ಬಟ್ಟೆಯನ್ನು ತಂದು ಅವನ ಲೆಕ್ಕದ ಮೇಲೆಯೇ ಹಾಸಿದಳು. ಅಳತೆಗೆ ಒಂದು ಗೆರೆ ಎಳೆದು, ಎರಡು ಬೆರಳು ಬಿಟ್ಟು ಹೊರಗೆ ಇನ್ನೊಂದು ಗೆರೆ ಎಳೆದಳು. ಕೈ ತಾನಾಗಿ ಎಳೆಯಿತೋ, ಬೇಕೆಂದೇ ಎಳೆದಳೋ, ಆಕೆಗೇ ತಿಳಿಯಲಿಲ್ಲ.

“ಅಯ್ಯೋ, ಅದ್ಯಾಕಕ್ಕಾ ದಂಡ? ನಾನಿನ್ನೇನು ಬೆಳೀತೀನಾ?” ಎಂದು ತಮ್ಮ ನಕ್ಕ. ನಗುತ್ತಲೇ ಹೊರಗಿನ ಗೆರೆಯನ್ನು ಹೆಬ್ಬೆರಳಿನಿಂದ ಉದ್ದಕ್ಕೂ ಒರೆಸಿ, ಕತ್ತರಿಯನ್ನು ಅವಳ ಕೈಗಿತ್ತ.