ಯುವ ಪ್ರತಿನಿಧಿಯ ಕುರ್ಚಿ

"ಏಯ್ ಲೌಡಿ, ಪೈಪು ಹಿಡಿಯೋಕೂ ಮುಹೂರ್ತ ನೋಡ್ಬೇಕೇನೇ ನಿಂಗೆ? ಹುಯ್ಯೇ ನೀರು!"

ಮೇಸ್ತ್ರಿ ಕೂಗಿದ್ದು ಗುಂಡುಸೂಜಿಯ ಅವ್ವನಿಗೆ. ಹೊತ್ತು ಹತ್ತು ದಾಟಿತ್ತು. ಸಾಲುಸಾಲಾಗಿ ಬಿಸಿಲಿಗೆ ಮುಖವೊಡ್ಡಿ ನಿಂತ ಸೌರ ಫಲಕಗಳು ಕಾದ ಹೆಂಚಿನಂತಾಗಿದ್ದವು. ಅವನ್ನು ತೊಳೆಯುವ ಒಂಬತ್ತು ಹೆಂಗಸರು ದಿನವೂ ಬೆಳಕು ಹರಿಯುವಾಗಲೇ ಕೆಲಸ ಹಿಡಿದು, ಅಂಗೈಗೆ ಗಾಜು ಬೆಚ್ಚಗಾದದ್ದು ತಿಳಿದ ಕೂಡಲೇ ಪೈಪು ಸುತ್ತಿಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಮೊದಲ ವರ್ಷ ಎರಡು ಗಾಜು ಒಡೆದ ಮೇಲೆ ಅಂಗೈ ತಾನೇ ಕಲಿತ ಪಾಠ. ಇವತ್ತು ಮಾತ್ರ ಗೇಟಿನ ಪಕ್ಕದ ಸಾಲುಗಳು ಮತ್ತೊಮ್ಮೆ ಫಳಫಳ ಹೊಳೆಯಬೇಕಿತ್ತು. ಹನ್ನೊಂದಕ್ಕೆ ಕಚೇರಿಯ ಹಾಲಿನಲ್ಲಿ ಹವಾಮಾನ ಯೋಜನೆಯ ಸಭೆ. ದೊಡ್ಡವರು ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ.

"ಕಾದಿದೆ ಅಣ್ಣಾ. ತಣ್ಣೀರು ಬಿದ್ರೆ ಸೀಳುತ್ತೆ," ಅಂದಳು ಅವ್ವ.

"ನೀನೇನು ಇಂಜಿನಿಯರಾ? ಹುಯ್ಯಿ ಅಂದ್ರೆ ಹುಯ್ಯಿ."

ಹುಯ್ದಳು. ಎರಡನೇ ಫಲಕದ ಮೂಲೆಯಲ್ಲಿ ಚಟ್ ಎಂದಿತು. ಕೂದಲೆಳೆಯಷ್ಟು ಗೆರೆಯೊಂದು ನಡುವಿನವರೆಗೆ ಓಡಿ ನಿಂತಿತು.

"ಒಡೆದ್ಯಲ್ಲೇ ಮುಂಡೇದೇ! ಕೈಯಾ ಅದು, ಒನಕೆಯಾ?"

"ಕೈ ಅವ್ವಂದು, ಬಾಯಿ ನಿಮ್ದು," ಅಂದಳು ಪಕ್ಕದಲ್ಲಿ ಬ್ರಷ್ಷು ಹಿಡಿದಿದ್ದ ಮಗಳು. "ಒಡೆದಿದ್ದು ಬಾಯಿ."

ಹೆಂಗಸರು ಮುಖ ಆಚೆ ತಿರುಗಿಸಿ ನಕ್ಕರು. ಅವಳಿಗೆ ಗುಂಡುಸೂಜಿ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ವಯಸ್ಸು ಹತ್ತೊಂಬತ್ತು, ನೋಡಿದರೆ ಹದಿನೈದು. ಹತ್ತನೇ ತರಗತಿ ಪಾಸು ಮಾಡಿ, ಮಾರನೇ ವಾರವೇ ಅವ್ವನ ಹಿಂದೆ ಬ್ರಷ್ಷು ಹಿಡಿದವಳು.

"ಬಾಯಿ ಬಂತಾ ನಿಂಗೆ? ಸಂಜೆ ತಾಯಿ ಮಗಳಿಬ್ರೂ ಗೇಟ್ ಪಾಸು ಇಟ್ಟು ನಡೀರಿ. ನಿಮ್ಮಂಥ ದರಿದ್ರಗಳು ಬೀದೀಲಿ ಬೇಕಾದಷ್ಟು ಸಿಗ್ತಾವೆ."

ಅಷ್ಟರಲ್ಲಿ ಕಚೇರಿಯ ಗುಮಾಸ್ತ ಏದುಸಿರು ಬಿಡುತ್ತ ಬಂದ. "ಮೇಸ್ತ್ರೀ, ಯುವ ಪ್ರತಿನಿಧಿ ಕೈ ಕೊಟ್ಟ. ಪಟ್ಟಣದ ಕಾಲೇಜಿಂದ ಬರ್ಬೇಕಿತ್ತು, ಪರೀಕ್ಷೆ ಅಂತೆ. ಈ ಸೀಮೆಯ ಇಪ್ಪತ್ತೈದರ ಒಳಗಿನ ಒಬ್ರು ಕೂತು ಸಹಿ ಹಾಕ್ದೆ ಇದ್ರೆ ಸಭೆ ಸಭೆನೇ ಅಲ್ಲ ಅಂತ ಹೊಸ ನಿಯಮ. ಓದು ಬರೋದು ಯಾವುದಾದ್ರೂ ಒಂದು ಇದೆಯಾ ನಿನ್ನ ಹತ್ರ?"

ಮೇಸ್ತ್ರಿಯ ಮುಖ ತಟ್ಟನೆ ಅರಳಿತು. "ಇದೆಯಲ್ಲ ಸಾರ್! ಇಗೋ, ನಮ್ಮ ಹುಡುಗಿ. ನಂಗೆ ಮಗಳಿದ್ದ ಹಾಗೆ."

"ಇವನಿಗೆ ನಾನ್ಯಾವಾಗ ಹುಟ್ಟಿದ್ನೋ," ಎಂದು ಗೊಣಗಿದಳು ಗುಂಡುಸೂಜಿ.

"ಹೋಗೇ," ಅಂದಳು ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ. "ಒಂದು ಗಳಿಗೆ ನೆರಳಲ್ಲಿ ಕೂತು ಬಾ. ಫ್ಯಾನಿರುತ್ತೆ."

ಹಾಲಿನಲ್ಲಿ ಫ್ಯಾನಿತ್ತು, ಉದ್ದದ ಮೇಜಿತ್ತು, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳಿದ್ದವು. ಗುಮಾಸ್ತ ಅವಳ ಒದ್ದೆ ಅಂಗಿಯ ಮೇಲೆಯೇ ಒಂದು ಟೀ ಶರ್ಟು ತೊಡಿಸಿದ. ಎದೆಯ ಮೇಲೆ 'ನಾಳಿನ ಬಿಸಿಲು ನಮ್ಮದು' ಎಂದು ಅಚ್ಚಾಗಿತ್ತು. ಕಾಲೇಜಿನ ಹುಡುಗನ ಅಳತೆಯದು. ಅವಳಿಗೆ ಮೊಣಕಾಲು ಮುಟ್ಟಿತು. ಅವಳು ಕೂರುವ ಮುಂಚೆ ಜವಾನ ಕುರ್ಚಿಯ ಮೇಲೆ ಹಳೇ ಪೇಪರು ಹಾಸಿದ.

"ಬೇಜಾರು ಮಾಡ್ಕೋಬೇಡ ತಾಯಿ. ಬಿಳೀ ಬಟ್ಟೆ, ಕೆಸರಾದ್ರೆ ನಂಗೇ ಬೈಗುಳ."

ಎದುರಿಗಿದ್ದ ನೀರಿನ ಬಾಟಲಿಗೆ ಕೈ ಹಾಕಿದಳು. ಗುಮಾಸ್ತ ಅದನ್ನು ಮೆಲ್ಲಗೆ ಆಚೆ ಸರಿಸಿದ. "ಅದು ಅತಿಥಿಗಳಿಗೆ." ಆಮೇಲೆ ಒಂದು ಚೀಟಿಯನ್ನೂ ನಡವಳಿ ಪುಸ್ತಕವನ್ನೂ ಮುಂದಿಟ್ಟ. "ಮೈಕು ಕೊಟ್ಟಾಗ ಈ ಚೀಟಿ ಓದು. ಚಪ್ಪಾಳೆ ಹೊಡೀತಾರೆ. ಪುಸ್ತಕದಲ್ಲಿ ಇಲ್ಲಿ ಸಹಿ ಹಾಕು. ಅಲ್ಲಿಗೆ ಮುಗೀತು ನಿನ್ನ ಪಾಲಿನ ಹವಾಮಾನ."

ಅತಿಥಿಗಳು ಬಂದು ಕೂತ ಮೇಲೆ ಸಭೆಯ ಅಧ್ಯಕ್ಷರು ಎದ್ದು ನಿಂತು ಯುವಜನರ ಬಗ್ಗೆ ಮಾತಾಡತೊಡಗಿದರು. ಯುವಜನರಿಲ್ಲದೆ ಸೌರಶಕ್ತಿಯಿಲ್ಲ, ಅವರ ದನಿ ಕೇಳಿಸಿಕೊಳ್ಳದ ಯೋಜನೆ ಯೋಜನೆಯೇ ಅಲ್ಲ ಎಂದರು. ಬಾಯಾರಿದ್ದ ಗುಂಡುಸೂಜಿ ಬೇರೇನೂ ತೋಚದೆ ಪುಸ್ತಕ ಓದುತ್ತ ಕೂತಳು.

ಪುಸ್ತಕದಲ್ಲಿ ಸಭೆ ಆಗಲೇ ಮುಗಿದುಹೋಗಿತ್ತು. ಯಾರು ಏನು ಮಾತಾಡಿದರು, ಎಷ್ಟು ಹೊತ್ತಿಗೆ ಊಟಕ್ಕೆದ್ದರು, ಕೊನೆಗೆ ವಂದನೆ ಹೇಳಿದವರು ಯಾರು, ಎಲ್ಲವೂ ನೀಟಾಗಿ ಬರೆದಿತ್ತು. ಗೋಡೆಯ ಗಡಿಯಾರದಲ್ಲಿ ಮಾತ್ರ ಇನ್ನೂ ಹನ್ನೊಂದೂವರೆ. ಅವಳಿಗೆ ನಗು ಬಂತು. ಏಳನೇ ಸಾಲಿಗೆ ಬರುವವರೆಗೆ ಆ ನಗು ಇತ್ತು.

'೭. ಎರಡನೇ ಹಂತದ ಫಲಕಗಳನ್ನು ತೊಳೆಯಲು ಕಾರ್ಮಿಕರ ಕಾಲೊನಿಯ ಹಿಂದಿನ ಬಾವಿಯನ್ನು ವಶಕ್ಕೆ ಪಡೆದು ಬೇಲಿ ಹಾಕುವುದು. ಯುವ ಪ್ರತಿನಿಧಿಯು ಇದನ್ನು ಸಂತೋಷದಿಂದ ಅನುಮೋದಿಸಿದರು.'

ಕಾಲೊನಿಯ ಅರವತ್ತು ಮನೆಗೆ ಇದ್ದದ್ದು ಅದೊಂದೇ ಬಾವಿ. ಕುಡಿಯಲು ಅದೇ, ಮೀಯಲು ಅದೇ.

ಮೈಕು ಬಂತು. ಗುಮಾಸ್ತ ಚೀಟಿಯ ಕಡೆ ಕಣ್ಣು ಮಾಡಿದ.

"ಸಾರ್," ಅಂದಳು. ಮೈಕು ಕಿರ್ರೆಂದಿತು. "ನಾನು ಯಾವಾಗ ಸಂತೋಷಪಟ್ಟೆ ಸಾರ್?"

ಯಾರೋ ನಕ್ಕರು. ಅಧ್ಯಕ್ಷರೂ ನಕ್ಕರು. "ಏನು ಮಗೂ?"

"ಇಲ್ಲಿ ಬರೆದಿದೆ. ನಮ್ಮ ಬಾವಿ ಕಿತ್ಕೊಂಡಿದ್ದಕ್ಕೆ ನಂಗೆ ಸಂತೋಷ ಆಯ್ತಂತೆ."

ಅಧ್ಯಕ್ಷರು ದನಿ ಮೆತ್ತಗೆ ಮಾಡಿದರು. "ನೋಡು, ಭೂಮಿ ಉಳೀಬೇಕು ಅಂದ್ರೆ ಎಲ್ಲರೂ ಸ್ವಲ್ಪ ಸ್ವಲ್ಪ ತ್ಯಾಗ ಮಾಡ್ಬೇಕಾಗುತ್ತೆ."

"ನಿಮ್ಮ ಸ್ವಲ್ಪ ಯಾವುದು ಸಾರ್? ಇದರಲ್ಲಿ ಬರೆದಿಲ್ಲ." ಅವಳು ಮೈಕು ಬಿಡಲಿಲ್ಲ. "ಬಿಸಿಲಿನ ಕರೆಂಟು ಬೇಡ ಅಂತ ನಾನು ಅಂತಿಲ್ಲ. ಬಾವಿ ಯಾಕೆ ಬೇಕು? ಹಿಂದಿನ ಆರು ಸಾಲು ಫಲಕಕ್ಕೆ ಪೈಪು ಮುಟ್ಟಲ್ಲ. ಅಲ್ಲಿ ನಾವು ವಾರಕ್ಕೆರಡು ಸಲ ಒಣ ಬ್ರಷ್ಷಲ್ಲಿ ಧೂಳು ತೆಗೀತೀವಿ, ತಿಂಗಳಿಗೊಂದು ಸಲ ಕೊಡದಲ್ಲಿ ಹೊತ್ಕೊಂಡೋಗಿ ತೊಳೀತೀವಿ. ಒಂದು ವರ್ಷ ಆಯ್ತು. ಅಲ್ಲಿ ಕರೆಂಟು ಕಮ್ಮಿ ಬಂದಿದೆಯಾ? ಕೇಳಿ ಈ ಇಂಜಿನಿಯರನ್ನ."

ಮೇಜಿನ ತುದಿಯಲ್ಲಿದ್ದ ಎಳೆಯ ಇಂಜಿನಿಯರು ಕಂಪ್ಯೂಟರು ತೆರೆದೇ ಬಿಟ್ಟ. ನೋಡಿದ, ಮತ್ತೆ ನೋಡಿದ. "ಹಿಂದಿನ ಸಾಲು... ಕಮ್ಮಿ ಏನೂ ಇಲ್ಲ ಸಾರ್."

"ನಿಮ್ಮನ್ನ ಯಾರ್ರೀ ಕೇಳಿದ್ದು?" ಅಧ್ಯಕ್ಷರ ದನಿಯ ಬೆಣ್ಣೆ ಕರಗಿಹೋಗಿತ್ತು. "ನೋಡಮ್ಮ, ಕೊಟ್ಟಿದ್ದನ್ನ ಓದು. ಇಲ್ಲಾ, ಎದ್ದು ಹೋಗು."

ಗುಂಡುಸೂಜಿ ಎದ್ದಳು. ಗುಮಾಸ್ತ ಓಡಿಹೋಗಿ ಅಧ್ಯಕ್ಷರ ಕಿವಿಯಲ್ಲಿ ಏನೋ ಉಸುರಿದ.

"ಕೂತ್ಕೋ," ಅಂದರು ಅಧ್ಯಕ್ಷರು. "ಕೂತ್ಕೋ, ಕೂತ್ಕೋ."

ಅವಳು ಕೂತಳು. ಅವಳನ್ನು ಹೊರಗೆ ಕಳಿಸಿದರೆ ಸಭೆಯಿಲ್ಲ, ಒಳಗಿಟ್ಟುಕೊಂಡರೆ ಬಾಯಿ ಮುಚ್ಚಿಸಲಾಗದು. ಇದು ಅವಳಿಗೂ ಆಗ ತಿಳಿಯಿತು.

ಗುಮಾಸ್ತ ಹೇಳಿಕಳಿಸಿದ ಐದು ನಿಮಿಷದಲ್ಲಿ ಮೇಸ್ತ್ರಿ ಅವ್ವನ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಅವಳ ಹಿಂದೆ ಉಳಿದ ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೇಳೇ ನಿನ್ನ ಮಗಳಿಗೆ," ಅಂದ ಮೇಸ್ತ್ರಿ. "ಒಂದು ಸಹಿ ಬಿಸಾಕಿದ್ರೆ ನಿಮ್ಮಿಬ್ರ ಕೆಲಸ ಉಳೀತು. ಗಾಜಿನ ಸುದ್ದೀನೂ ನಾನೆತ್ತಲ್ಲ. ಇಲ್ಲಾಂದ್ರೆ ನಾಳೆಯಿಂದ ಮಣ್ಣು ತಿನ್ನಿ."

ಅವ್ವ ಮಗಳ ಮುಖ ನೋಡಿದಳು. ಮೇಜಿನ ಸುತ್ತ ಕೂತವರನ್ನು ನೋಡಿದಳು. ಅವಳಿಗೆ ಅಕ್ಷರ ಬಾರದು.

"ಏನಂತೇ ಅದರಲ್ಲಿ?"

"ಬಾವಿಗೆ ಬೇಲಿ ಹಾಕ್ತಾರಂತೆ ಅವ್ವಾ. ನಾನು ಒಪ್ಕೊಂಡೆ ಅಂತ ಬರ್ಕೊಂಡಿದ್ದಾರೆ."

"ಒಪ್ಕೊಂಡ್ಯಾ?"

"ಇಲ್ಲ."

"ಮತ್ತೆ ಇಲ್ಲ ಅಂತ ಬರಿ. ನಿನ್ನ ಓದಿಸಿದ್ದು ಇವರ ಚೀಟಿ ಓದ್ಲಿ ಅಂತಲ್ಲ."

ಗುಂಡುಸೂಜಿ ಪೆನ್ನಿನ ಮುಚ್ಚಳ ತೆಗೆದಳು. ಏಳನೇ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದಳು. ಅಂಚಿನ ಖಾಲಿ ಜಾಗದಲ್ಲಿ, ಒಂದೊಂದು ಪದವನ್ನೂ ಗಟ್ಟಿಯಾಗಿ ಹೇಳುತ್ತ ಬರೆಯತೊಡಗಿದಳು.

"ಬಾವಿ... ಕೊಡಲು... ನಾವು..."

"ಪುಸ್ತಕ ಕಿತ್ಕೊಳ್ರೀ!" ಅಧ್ಯಕ್ಷರು ಕಿರುಚಿದರು.

ಗುಮಾಸ್ತನ ಕೈ ಚಾಚಿತು. ಅದು ಪುಸ್ತಕ ಮುಟ್ಟುವ ಮೊದಲೇ ಅವ್ವ ಬಿಳಿ ಬಟ್ಟೆಯ ಮೇಜಿನ ಮೇಲೆ ಎರಡೂ ಕೆಸರು ಮೊಣಕೈ ಊರಿ ಅಡ್ಡ ನಿಂತಳು. ದೊಡ್ಡಮ್ಮ ಹೊಸ್ತಿಲು ದಾಟಿದಳು. ಅವಳ ಹಿಂದೆ ಉಳಿದವರೂ ದಾಟಿದರು.

"ಮುಟ್ಟಿ ನೋಡು," ಅಂದಳು ಅವ್ವ ಗುಮಾಸ್ತನಿಗೆ. ಆಮೇಲೆ ತಿರುಗದೆಯೇ ಮಗಳಿಗೆ, "ನೀನು ಬರಿಯೇ. ಗಾಬರಿ ಬೇಡ. ಕಾಗುಣಿತ ತಪ್ಪದ ಹಾಗೆ ನಿಧಾನಕ್ಕೆ ಬರಿ."