ಅಕ್ಕನ ಕೊಬ್ಬು

"ನಿಮಗೆ ಕೊಬ್ಬು ಜಾಸ್ತಿ," ಎಂದರು ಡಾಕ್ಟರು. ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತು. ಅಮ್ಮ ಅಂದಿದ್ದಳು, ಬಿಟ್ಟುಹೋದ ಗಂಡ ಅಂದಿದ್ದ, ನನ್ನ ಹೊಲಿಗೆ ಅಂಗಡಿಗೆ ಬಂದು ಜಗಳವಾಡಿದ ಗಿರಾಕಿಗಳೆಲ್ಲ ಅಂದಿದ್ದರು. ಡಾಕ್ಟರು ಮಾತ್ರ ಸ್ಕ್ಯಾನ್ ನೋಡಿ, ನನ್ನ ಲಿವರಿನ ಬಗ್ಗೆ ಹೇಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ತಮ್ಮ, ಕಣ್ಣೆಲ್ಲ ಹಳದಿಯಾಗಿದ್ದರೂ, ಕಿಸಕ್ಕನೆ ನಕ್ಕ.

ಅವನ ಲಿವರ್ ಕೆಟ್ಟು ಕೂತಿತ್ತು. ನನ್ನದರಲ್ಲಿ ಅರ್ಧ ಕತ್ತರಿಸಿ ಅವನಿಗೆ ಕೂರಿಸಬೇಕು, ಹೊಂದುವುದು ನನ್ನದೊಂದೇ. ಆದರೆ ಕೊಬ್ಬು ಇಳಿಯದೆ ಮುಟ್ಟುವ ಹಾಗಿಲ್ಲ. ಎಂಟು ವಾರ ಗಡುವು. ಅದಕ್ಕಿಂತ ಹೆಚ್ಚು ದಿನ ತಮ್ಮ ತಡೆಯಲಾರ.

"ನನ್ನ ಸೈಕಲ್ ತಗೋ ಅಕ್ಕ," ಎಂದ. ಸೈಕಲ್ ರಿಪೇರಿ ಅವನ ಕಸುಬು, ಅದರಲ್ಲಿ ಊರಾಚೆಯ ಗುಡ್ಡ ಹತ್ತುವುದು ಅವನ ಹುಚ್ಚು. ದಪ್ಪ ಟೈರಿನ ಆ ಸೈಕಲ್ಲನ್ನು ಯಾರಿಗೂ ಮುಟ್ಟಲು ಬಿಟ್ಟವನಲ್ಲ. "ಹತ್ತೋವಾಗ ಗೇರ್ ಇಳಿಸು. ಇಳಿಯೋವಾಗ ಕಲ್ಲು ದಾರೀಲಿ ಮಾತ್ರ ತಳ್ಕೊಂಡು ಬಾ. ಅಲ್ಲಿ ನಿನ್ನ ಜಂಬ ನಡೆಯಲ್ಲ."

"ಹೋಗೋ, ನಂಗೆ ಹೇಳ್ಕೊಡೋಕೆ ಬಂದ," ಎಂದೆ.

ಮೊದಲ ದಿನ ನೂರು ಮಾರು ಹೋಗುವಷ್ಟರಲ್ಲಿ ಏದುಸಿರು ಬಂದು, ಮಣ್ಣಲ್ಲಿ ಕೂತು ಅತ್ತೆ. ನಲವತ್ತಾರು ವರ್ಷದ ಹೆಂಗಸು, ನಾಚಿಕೆ ಬಿಟ್ಟು ಅತ್ತೆ. ಆದರೂ ದಿನಾ ಅಂಗಡಿ ತೆರೆಯುವ ಮುಂಚೆ ಹೋದೆ. ಮೂರನೆಯ ವಾರಕ್ಕೆ ಅರ್ಧ ಗುಡ್ಡ. ಐದಕ್ಕೆ, ಕಾಲು ನೆಲಕ್ಕೆ ತಾಕಿಸದೆ ತುದಿ. ನನ್ನದೇ ಟೇಪಿನಲ್ಲಿ ನನ್ನ ಸೊಂಟ ಅಳೆದು, ಬಟ್ಟೆಗಳನ್ನು ಒಂದೊಂದಾಗಿ ಬಿಗಿ ಹಿಡಿದು ಹೊಲಿದೆ. ಆಸ್ಪತ್ರೆ ಸೇರಿದ್ದ ತಮ್ಮ ಸಂಜೆ ನನ್ನ ನಾಡಿ ಹಿಡಿದು ಎಣಿಸುತ್ತಿದ್ದ. "ಅರವತ್ತೆರಡು! ಕುದುರೆ ಆಗ್ಬಿಟ್ಯಲ್ಲೇ ಅಕ್ಕ." ಅವನ ಬೆರಳುಗಳು ದಿನದಿಂದ ದಿನಕ್ಕೆ ತಣ್ಣಗಾಗುತ್ತಿದ್ದವು. ನನಗೆ ಭಯವಾಗುತ್ತಿತ್ತು.

ಎಂಟನೆಯ ವಾರ ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರು ಎದ್ದು ನಿಂತು ಕೈಕುಲುಕಿದರು. ಸೋಮವಾರ ಆಪರೇಷನ್.

ಶುಕ್ರವಾರ ಗುಡ್ಡಕ್ಕೆ ಹೋಗುವ ಅಗತ್ಯವೇ ಇರಲಿಲ್ಲ. ಹೋದೆ. ತುದಿಯಲ್ಲಿ ನಿಂತಾಗ, ಇಷ್ಟು ದಿನ ತಳ್ಳಿಕೊಂಡು ಇಳಿದದ್ದೇ ಅವಮಾನ ಅನ್ನಿಸಿತು. ಹತ್ತಿ ಗೆದ್ದವಳಿಗೆ ಇಳಿಯುವುದೇನು ಮಹಾ! ಕಲ್ಲು ದಾರಿಗೆ ಸೈಕಲ್ ಬಿಟ್ಟೆ. ಎರಡು ತಿರುವು ದಾಟಿದೆ. ಮೂರನೆಯದರಲ್ಲಿ ಹೆದರಿ, ಮುಂದಿನ ಚಕ್ರದ ಬ್ರೇಕನ್ನು ಒಮ್ಮೆಲೇ ಅದುಮಿದೆ.

ನಾಲ್ಕು ಪಕ್ಕೆಲುಬು ಮುರಿದು, ಒಂದು ಶ್ವಾಸಕೋಶಕ್ಕೆ ಚುಚ್ಚಿತ್ತು. ಎರಡು ತಿಂಗಳು ನನ್ನನ್ನು ಕೊಯ್ಯುವ ಹಾಗಿಲ್ಲ ಎಂದರು ಡಾಕ್ಟರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ತಮ್ಮನನ್ನು ಗಾಲಿಕುರ್ಚಿಯಲ್ಲಿ ನನ್ನ ಮಂಚದ ಬಳಿ ತಂದರು. ಬೈಯಲಿ ಎಂದು ಕಾದೆ. ಅವನು ಬೈಯಲಿಲ್ಲ.

"ನಾನೇ ನಿನ್ನ ಕೊಂದೆ ಕಣೋ," ಎಂದೆ.

"ಎಲ್ಲಿ ಬಿದ್ದೆ?"

"ಮೂರನೇ ತಿರುವು."

ಅವನು ನನ್ನ ನಾಡಿ ಹಿಡಿದ. "ನಾನೂ ಅಲ್ಲೇ ಬಿದ್ದಿದ್ದೆ ಅಕ್ಕ, ಎರಡು ಸಲ. ನಿಂಗೆ ಹೇಳ್ಬೇಕಿತ್ತು. ನಗ್ತೀಯ ಅಂತ ಹೇಳ್ಲಿಲ್ಲ."

ಅದು ನಿಜವೋ, ನನ್ನ ತಪ್ಪಿನಲ್ಲಿ ಅರ್ಧ ತಾನು ತೆಗೆದುಕೊಳ್ಳಲು ಹೇಳಿದ ಸುಳ್ಳೋ, ಗೊತ್ತಾಗಲಿಲ್ಲ. ಕೇಳುವ ಧೈರ್ಯ ನನಗೆ ಬರುವಷ್ಟರಲ್ಲಿ ಅವನಿರಲಿಲ್ಲ.