ಖಾನೇಸುಮಾರಿಗೆ ಸಿಗದ ಕಿವಿಗಳು

"ಏ ಕಾಮ್ಯಾ, ಕಿವುಡ ಸೂಳೀಮಗನ, ಮಗ್ಗ ನಿಂದ್ರಸು ಅಂತ ಎಷ್ಟ ಸರ್ತಿ ಒದರಬೇಕೋ ನಿನಗ? ಗಿರಣಿ ನಿಮ್ಮಪ್ಪಂದೇನು?"

ಜಾಬರ್ ಶಾಂತಲಿಂಗಪ್ಪ ನನ್ನ ಗಂಡನ ಎದೆಗೆ ಕೈಹಚ್ಚಿ ಬಟ್ಟೆ ಗಿರಣಿಯ ಬಾಗಿಲಿನಿಂದ ಹೊರಗೆ ದಬ್ಬಿದ. ಕೆಲಸಕ್ಕೆ ಹಚ್ಚುವವನೂ ಅವನೇ, ಬಿಡಿಸುವವನೂ ಅವನೇ. ಬುತ್ತಿ ತಂದ ನಾನು ಅಲ್ಲೇ ನಿಂತಿದ್ದೆ. ಓಡಿ ಜಾಬರನ ಮುಂದೆ ಹೋದೆ.

"ಅವ್ಗ ಕಿವಿ ಕೇಳ್ಸೂದಿಲ್ರಿ."

"ಕೇಳ್ತಾವ. ಸೊಕ್ಕು ಬಂದದ. ನಾ ಇಪ್ಪತ್ತ ವರ್ಷ ಇಲ್ಲೇ ದುಡದೀನಿ, ನನಗೇನಾಗ್ಯದ?"

ನಮ್ಮೂರು ವಳಸಂಗದಲ್ಲಿದ್ದಾಗ ಹೊಲದ ಆ ತುದಿಗೆ ಬುರ್ಲಿ ಹಕ್ಕಿ ಕೂಗಿದರೆ ಈ ತುದಿಯಲ್ಲಿ ತಲೆಯೆತ್ತುತ್ತಿದ್ದ ನನ್ನ ಗಂಡ. ಸೋಲಾಪುರಕ್ಕೆ ಬಂದು ಹನ್ನೆರಡು ವರ್ಷ ಮಗ್ಗಗಳ ನಡುವೆ ನಿಂತ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳದು. ತುಟಿ ನೋಡಿ ತಿಳಿಯುತ್ತಾರೆ, ಬೆರಳಿನಿಂದ ಹೇಳುತ್ತಾರೆ. ನಮ್ಮ ಸೋನಾ ಮೊದಲ ಸಲ "ಅಪ್ಪಾ" ಅಂದದ್ದನ್ನೂ ಅವನು ಹಾಗೇ ತುಟಿ ನೋಡಿ ತಿಳಿದ.

ಆ ವಾರವೇ ಜನರನ್ನು ಎಣಿಸುವ ಖಾನೇಸುಮಾರಿ ಬಂತು. ಸರಕಾರದ ಕಾಗದದಲ್ಲಿ ಕಿವುಡ ಎಂದು ಬಿದ್ದರೆ ಸೊಕ್ಕಿನವನೆಂಬ ಮಾತು ಅಳಿದೀತು, ಕಸ ಗುಡಿಸಲಿಕ್ಕಾದರೂ ಮತ್ತೆ ಕರೆದಾರು ಎಂಬುದೊಂದೇ ನನ್ನ ಆಸೆ.

ಬಸಯ್ಯ ಮಾಸ್ತರರು ಎಣಿಕೆ ಬರೆಯಲು ಬಂದಾಗ ಜಾಬರ್ ಜೊತೆಗೇ ಇದ್ದ, ನಾವೆಲ್ಲ ಇದ್ದ ಚಾಳು ಗಿರಣಿಯದೇ. ಅಂದು ಗಿರಣಿಗೆ ಸೂಟಿ. ಹನ್ನೊಂದು ಮಂದಿ ನೇಕಾರರು ನಮ್ಮ ಕಡೆ ಬೆನ್ನು ಮಾಡಿ ಬಿಸಿಲಿಗೆ ಕೂತಿದ್ದರು.

"ಅಯ್ಯನವರ, ನನ್ನ ಗಂಡ ಕಿವುಡ ಅಂತ ಬರೀರಿ."

"ಹುಟ್ಟಾ ಕಿವುಡೇನವಾ?"

"ಇಲ್ರಿ. ಗಿರಣಿ ಮಾಡಿದ್ದು."

"ಹುಟ್ಟಿಂದ ಕಿವುಡ-ಮೂಕ ಇದ್ರಷ್ಟ ಬರಿ ಅಂತ ಹುಕುಂ ಅದ, ತಂಗಿ. ಗಿರಣಿ ಮಾಡಿದ್ದಕ್ಕ ಈ ಕಾಗದದಾಗ ಖಾನೆ ಇಲ್ಲ."

"ಮತ್ತ ಇದ್ದ ಕಿವಿ ಹೋದ್ರ ಅದು ಕಿವುಡಲ್ಲೇನ್ರಿ?"

ಮಾಸ್ತರರು ಲೇಖನಿಯನ್ನು ಮಸಿಗೆ ಅದ್ದಿದರು. ನಮ್ಮ ಮುಖವನ್ನೇ ನೋಡುತ್ತಿದ್ದ ಜಾಬರ್ ನಡುವೆ ಬಾಯಿ ಹಾಕಿದ.

"ಈ ಚಾಳಿನಾಗ ಕಿವುಡ್ರು ಯಾರೂ ಇಲ್ಲ. ಹಂಗ ಬರೀರಿ."

ಒದರಿಯೇ ಹೇಳಿದ. ಅವನು ಯಾವಾಗಲೂ ಒದರಿಯೇ ಮಾತಾಡುವುದು.

ನಾನು ಒಳಗೆ ಹೋಗಿ ಹಿತ್ತಾಳೆ ಗಂಗಾಳ, ಸೌಟು ತಂದೆ. ಜಾಬರನ ಬೆನ್ನ ಹಿಂದೆ ನಿಂತು ಬಡಿದೆ. ಮಲಗಿದ್ದ ನಾಯಿ ಎದ್ದು ಓಡಿತು. ಸೋನಾ ಕಿವಿ ಮುಚ್ಚಿಕೊಂಡಳು. ಮಾಸ್ತರರು ಬೆಚ್ಚಿ ಕಾಗದದ ಮೇಲೆ ಮಸಿ ಚೆಲ್ಲಿದರು. ಬಿಸಿಲಿಗೆ ಕೂತ ಹನ್ನೊಂದು ಮಂದಿಯಲ್ಲಿ ಒಬ್ಬನೂ ತಿರುಗಲಿಲ್ಲ. ಹೊಸ್ತಿಲಲ್ಲಿ ಕೂತಿದ್ದ ನನ್ನ ಗಂಡ ಮಾತ್ರ ಗಂಗಾಳ ಕಂಡು, ಊಟಕ್ಕೆ ಕರೆದೆನೆಂದು ಕೈ ತೊಳೆಯಲು ಎದ್ದ. ಮನೆಯಲ್ಲಿ ಎರಡು ದಿನದಿಂದ ಒಲೆ ಹೊತ್ತಿರಲಿಲ್ಲ.

ಜಾಬರನೂ ತಿರುಗಲಿಲ್ಲ.

"ಬರೀರಿ ಮಾಸ್ತರ," ಅನ್ನುತ್ತಲೇ ಇದ್ದ, "ಯಾರೂ ಇಲ್ಲ."

ಮಾಸ್ತರರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಬಡಿಯುವುದನ್ನು ನಿಲ್ಲಿಸಲಿಲ್ಲ.